ಹಳೆಯ ಸೀರೆ, ಬರೆದ ಬುಟ್ಟಿ

ಕವಿಗೆ ಸ್ಫೂರ್ತಿ ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಹಳೆಯದು. ಹನ್ನೊಂದನೆಯ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಇದಕ್ಕೆ ಮೂರು ಸಂಗತಿಗಳನ್ನು ಹೇಳುತ್ತಾನೆ: ಹುಟ್ಟಿನಿಂದಲೇ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರವನ್ನೂ ಕಾವ್ಯಗಳನ್ನೂ ಕಂಡು ಪಡೆದ ನಿಪುಣತೆ, ಬಲ್ಲವರ ಬಳಿ ಕುಳಿತು ಮಾಡಿದ ಅಭ್ಯಾಸ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಆದರೆ ಮಮ್ಮಟ ಅಷ್ಟಕ್ಕೇ ನಿಲ್ಲಲಿಲ್ಲ. ಈ ಮೂರೂ ಕೂಡಿ ಕಾವ್ಯಕ್ಕೆ ಒಂದೇ ಕಾರಣ, ಮೂರು ಬೇರೆ ಬೇರೆ ಕಾರಣಗಳಲ್ಲ ಎಂದು ಬಿಡಿಸಿ ಹೇಳಿದ. ಈ ಏಕವಚನದ ಗುಟ್ಟು ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ಹೆಚ್ಚಾಗಿ ಕುಂಸಿಯ ಕಡೆಯ ಮನೆಗಳ ಪಡಸಾಲೆಗಳಿಂದ ತಿಳಿಯಿತು ಎಂದರೆ ಪಂಡಿತರು ನಗಬಾರದು.

ಕುಂಸಿಯನ್ನು ಅರಿಯದವರಿಗೆ ಎರಡು ಮಾತು. ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ಸುಮಾರು 25 ಕಿಲೋಮೀಟರು ಬಂದರೆ ಸಿಗುವ ಊರು ಇದು. ಒಂದು ಕಾಲಕ್ಕೆ ಮ್ಯಾಂಗನೀಸ್ ಅದಿರಿಗೆ ಹೆಸರಾಗಿತ್ತು. ಬಯಲು ಮುಗಿದು ಮಲೆನಾಡು ಮೊದಲಾಗುವ ಹೊಸ್ತಿಲು ಇದಾದ್ದರಿಂದ ಎರಡೂ ಕಡೆಯ ಕೈಗೆಲಸ ಇಲ್ಲಿ ಕಾಣಸಿಗುತ್ತದೆ. ಬಯಲಿನ ಕಡೆಯಿಂದ ಕೌದಿ. ಕಾಡಿನ ಕಡೆಯಿಂದ ಚಿತ್ತಾರ. ನಾನು ಹೇಳಹೊರಟಿರುವುದು ಈ ಎರಡನ್ನು ಕುರಿತು.

ಕೌದಿಗೆ ಹೊಸ ಬಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಸೀರೆ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಕೂತು ಎದ್ದು ಉಜ್ಜುವ ನಡುಭಾಗ ಮೊದಲು ಜಾಳಾಗುತ್ತದೆ. ಅಂಚೂ ಸೆರಗೂ ಮಾತ್ರ ಇನ್ನೂ ಕೆಲವು ವರ್ಷ ಬಾಳುವಷ್ಟು ಗಟ್ಟಿಯಾಗಿರುತ್ತವೆ. ಕೌದಿ ಹೊಲಿಯುವವರ ವಿವೇಕ ಶುರುವಾಗುವುದೇ ಇಲ್ಲಿಂದ. ಜಾಳಾದದ್ದು ಒಳಗಿನ ಪದರಕ್ಕೆ ಹೋಗುತ್ತದೆ. ಅಂಚು ಹೊರಗಿನ ಕಟ್ಟಾಗುತ್ತದೆ. ಸೆರಗಿನ ತುಂಡು ನಡುವೆ ಬಂದು ಕೂಡುತ್ತದೆ. ನೆಲದ ಮೇಲೆ ಹಳೆಯ ಪಂಚೆಯನ್ನೋ ಜಮಖಾನವನ್ನೋ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಚೊಂಬು ಇಟ್ಟು, ಪದರದ ಮೇಲೆ ಪದರ ಹರಡಿ, ಇಬ್ಬರು ಎದುರುಬದುರಾಗಿ ಕುಳಿತು ದಪ್ಪ ನೂಲಿನಲ್ಲಿ ಹೊಲಿಯುತ್ತ ಬರುತ್ತಾರೆ. ಮಾಸಿದ ನೀಲಿಯ ಪಕ್ಕಕ್ಕೆ ಯಾವುದು ಒಪ್ಪುತ್ತದೆ ಎಂಬುದನ್ನು ಅವರಿಗೆ ಯಾವ ಕಲಾಶಾಲೆಯೂ ಹೇಳಿಕೊಟ್ಟಿಲ್ಲ. ಇರುವುದು ಇಷ್ಟೇ ತುಂಡು, ಇದರಲ್ಲೇ ಚೆಂದ ಮಾಡಬೇಕು. ಅಷ್ಟು ಕಟ್ಟುಪಾಡು ಇದ್ದರೆ ಕಣ್ಣು ತಾನಾಗಿ ಚುರುಕಾಗುತ್ತದೆ. ಛಂದಸ್ಸು ಕವಿಗೆ ಮಾಡುವ ಉಪಕಾರವೂ ಇದೇ ಬಗೆಯದು.

ನಮ್ಮ ಮನೆಯಲ್ಲಿ ಈ ಕೆಲಸ ಬೇಸಗೆಯ ಮಧ್ಯಾಹ್ನಗಳಲ್ಲಿ ನಡೆಯುತ್ತಿತ್ತು. ಅಮ್ಮನೂ ದೊಡ್ಡಮ್ಮನೂ ಕುಳಿತರೆ ಹುಡುಗರಾದ ನಮಗೆ ಸೂಜಿಗೆ ದಾರ ಪೋಣಿಸುವ ಕೆಲಸ. ಅವರ ಕಣ್ಣು ಮಂಜಾಗುತ್ತ ಬಂದಂತೆ ನಮ್ಮ ಬೆಲೆ ಏರುತ್ತ ಹೋಯಿತು! ಪೋಣಿಸುತ್ತ ಪೋಣಿಸುತ್ತ ನಾವು ಕೇಳಿದ್ದು ಕುಟುಂಬದ ಇತಿಹಾಸ. ಇದು ಅತ್ತೆಯ ಧಾರೆಯ ದಿನದ ಸೀರೆ, ಇದು ಬರದ ವರ್ಷ ಸಾಲ ಮಾಡಿ ತಂದದ್ದು, ಇದು ತೀರಿಹೋದ ಕೂಸಿನ ಅಂಗಿ. ಈ ಕಡೆಯ ಮಾತು ಬಂದಾಗ ಇಬ್ಬರೂ ತುಸು ಹೊತ್ತು ಮೌನವಾಗಿ ಹೊಲಿಯುತ್ತಿದ್ದರು. ಕಥೆಯಲ್ಲಿ ಎಲ್ಲಿ ಮಾತು ನಿಲ್ಲಬೇಕು ಎಂಬುದನ್ನು ನಾನು ಮೊದಲು ಕಲಿತದ್ದು ಅಲ್ಲಿ. ಮಕ್ಕಳಿಗೆ ಏನನ್ನಾದರೂ ಕಲಿಸಬೇಕು ಎಂಬ ಉದ್ದೇಶ ಆ ಇಬ್ಬರಿಗೂ ಇರಲಿಲ್ಲ. ಮಳೆಗಾಲ ಬರುವುದರೊಳಗೆ ಹೊದಿಕೆ ಸಿದ್ಧವಾಗಬೇಕಿತ್ತು, ಅಷ್ಟೆ.

ಹಳೆಯ ಬಟ್ಟೆಗೆ ಹೀಗೆ ಮರುಜನ್ಮ ಕೊಡುವುದು ನಮ್ಮೊಬ್ಬರ ವಿದ್ಯೆಯೇನಲ್ಲ. ಬಂಗಾಳದ ಕಾಂಥಾ ಕೂಡ ಹಳೆಯ ಸೀರೆಗಳ ಪದರವೇ. ಹೊಲಿಗೆಯ ಬಣ್ಣದ ನೂಲನ್ನೂ ಅದೇ ಸೀರೆಯ ಅಂಚಿನಿಂದ ಎಳೆದುಕೊಳ್ಳುತ್ತಿದ್ದರು. ಇನ್ನೂ ಹತ್ತಿರದ ಉದಾಹರಣೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರದು. ಆಫ್ರಿಕದ ಮೂಲದ ಈ ಜನ ಹೊಲಿಯುವ ಕವಂದಿ ಅಂಚಿನಿಂದ ತೊಡಗಿ ಸುತ್ತುಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂವು ಬೇಕೇಬೇಕು; ಅದಿಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ. ಕೊನೆಯ ಹೊಲಿಗೆ ಮುಚ್ಚುವ ಮೊದಲು ನಡುವೆ, ಅಂದರೆ ಅದರ ಹೊಟ್ಟೆಗೆ, ನಾಲ್ಕು ಕಾಳು ಅಕ್ಕಿ ಇಡುವ ಪದ್ಧತಿಯೂ ಉಂಟು. ಹೊದಿಕೆಗೂ ಹೊಟ್ಟೆಯಿದೆ, ಅದೂ ಉಣ್ಣಬೇಕು! ಈ ಅಕ್ಕಿಕಾಳನ್ನು ನೀವು ನೆನಪಿನಲ್ಲಿಡಬೇಕು. ಬುಟ್ಟಿಯ ವಿಷಯಕ್ಕೆ ಬಂದಾಗ ಅದು ಮತ್ತೆ ಎದುರಾಗುತ್ತದೆ.

ಆಶ್ವಯುಜದ ಹುಣ್ಣಿಮೆಯನ್ನು ಮಲೆನಾಡಿನವರು ಭೂಮಿಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆಯಾಗಿ ತುಂಬುತ್ತಿರುತ್ತದೆ. ಭೂಮಿ ಬಸುರಿ, ಬಸುರಿಗೆ ಬಯಕೆಯ ಊಟ ಬಡಿಸಬೇಕು. ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು ಅಡಿಗೆ ಮಾಡಿ, ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ಯುತ್ತಾರೆ. ಸೊಪ್ಪುಗಳನ್ನು ಬೆರೆಸಿ ಮಾಡಿದ ಹಚ್ಚಂಬಲಿಯನ್ನು ಗದ್ದೆಯ ತುಂಬ ಬೀರುತ್ತಾರೆ. ಈ ಊಟ ಹೊರುವ ಬುಟ್ಟಿ ಬರಿಯ ಬುಟ್ಟಿಯಾಗಿರಕೂಡದು. ದೀವರ ಮನೆಗಳಲ್ಲಿ ಅದಕ್ಕೆ ಚಿತ್ತಾರ ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿಯ ಬುಟ್ಟಿ. ‘ಬರೆಯುತ್ತಾರೆ’ ಎಂಬುದು ನನ್ನ ಮಾತಲ್ಲ, ಅವರದೇ. ಗೆರೆಗೂ ಅಕ್ಷರಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದವಿರುವುದು ಸಾಹಿತಿಗಳು ಆಗಾಗ ನೆನೆಯಬೇಕಾದ ಸಂಗತಿ.

ಕೆಲಸದ ಕ್ರಮ ಹೀಗೆ. ಮೇದರು ಹೆಣೆದ ಬಿದಿರ ಬುಟ್ಟಿಗೆ ವಿಜಯದಶಮಿಯ ಹೊತ್ತಿಗೆ ಸಗಣಿ ಬಳಿದು ಸಂದುಗಳನ್ನು ಮುಚ್ಚುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು. ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಗೆರೆ. ಕಪ್ಪು ಬೇಕಾದರೆ ಅಕ್ಕಿಯನ್ನೇ ಕರಿಕಾಗುವಂತೆ ಹುರಿದು ಅರೆಯಬೇಕು. ಹಳದಿಗೆ ಗುರುಗೆ ಕಾಯಿ. ಕುಂಚವೆಂದರೆ ಪುಂಡಿ ನಾರಿನ ಒಂದು ಎಳೆ. ಈ ಬಡ ಸಾಮಗ್ರಿಯಿಂದ ಎಳೆ, ನಿಲಿ, ಜೋಗಿಜಡೆ, ಏಣಿ, ಗೊಂಬೆಸಾಲು, ಭತ್ತದ ಸಸಿ ಎಲ್ಲವೂ ಮೂಡುತ್ತವೆ. ನಾರು ಮೆದುವಾದ್ದರಿಂದ ಕೈ ನಡುಗಿದರೆ ಗೆರೆಯೂ ನಡುಗುತ್ತದೆ. ದಶಮಿಯಿಂದ ಹುಣ್ಣಿಮೆಗೆ ಐದೇ ದಿನ. ಸ್ಫೂರ್ತಿ ಬರಲಿ ಎಂದು ಕಾಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಚಂದ್ರ ಯಾರಿಗಾಗಿಯೂ ನಿಲ್ಲುವುದಿಲ್ಲವಷ್ಟೆ. ವಾರಪತ್ರಿಕೆಗೆ ಬರೆಯುವವರಿಗೆ ಈ ಪಾಡು ಚೆನ್ನಾಗಿ ಗೊತ್ತು.

ಇನ್ನೊಂದು ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೋದ ವರ್ಷದ ಬುಟ್ಟಿ ಗಟ್ಟಿಯಾಗಿದ್ದರೆ ಹೊಸದನ್ನು ಕೊಳ್ಳುವುದಿಲ್ಲ; ಅದಕ್ಕೇ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು. ಹೋದ ವರ್ಷ ಎಷ್ಟೇ ಚೆಂದಾಗಿ ಬರೆದಿರಲಿ, ಆ ಚಿತ್ತಾರ ಕೆಳಗೆ ಮುಚ್ಚಿಹೋಗುತ್ತದೆ. ನಾನು ಕಂಡ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ತಾವೇ ಬರೆದ ಬಹು ಸೊಗಸಾದ ಗೊಂಬೆಸಾಲಿನ ಮೇಲೆ ಸಗಣಿ ಬಳಿಯುತ್ತಿದ್ದರು. ನಾನು ಅಯ್ಯೋ ಎಂದೆ. ಅವರು ತಲೆಯೆತ್ತದೆ, ‘ಅದು ಹ್ವಾದ್ ವರ್ಷದ ಊಟ ಅಲ್ದೇನ್ರೀ, ಉಂಡಾತಲ್ಲ’ ಎಂದರು. ಅಕ್ಕಿಯ ಗೆರೆಯೂ ಅನ್ನದಂತೆಯೇ ತೀರಿಹೋಗತಕ್ಕದ್ದು ಎಂಬ ಈ ತಿಳಿವಳಿಕೆಯೇ ಆ ಕಲೆಯನ್ನು ಜೀವಂತವಾಗಿರಿಸಿರುವುದು ಎಂದು ನನ್ನ ಎಣಿಕೆ. ತೀರಿದ್ದರಿಂದ ಮತ್ತೆ ಬರೆಯಬೇಕು. ಮತ್ತೆ ಬರೆಯಬೇಕಾದ್ದರಿಂದ ಮಗಳು ಪಕ್ಕದಲ್ಲಿ ಕೂಡಬೇಕು. ಕುಳಿತವಳು ತನ್ನದೊಂದು ಗೆರೆಯನ್ನು ಸೇರಿಸಿಯೇ ತೀರುತ್ತಾಳೆ. ಶಕ್ತಿ, ನಿಪುಣತೆ, ಅಭ್ಯಾಸಗಳು ಒಂದೇ ಕಾರಣವಾಗಿ ಕೂಡಿಕೊಳ್ಳುವುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಬೇರೆಲ್ಲಿಯೂ ಕಂಡಿಲ್ಲ.

ಕಾಲ ಬದಲಾಗಿದೆ. ಬುಟ್ಟಿಯ ಅಕ್ಕನಂತಿದ್ದ ಹಸೆಗೋಡೆಯ ಚಿತ್ತಾರವನ್ನು ನೋಡಿ. ಮದುವೆಯ ಮನೆಯ ಗೋಡೆಗೆ ಬರೆದು, ಅದರ ಮುಂದೆ ಮದುಮಕ್ಕಳನ್ನು ಕೂರಿಸುತ್ತಿದ್ದರು. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂತು. ಮದುವೆ ಕಲ್ಯಾಣಮಂಟಪಕ್ಕೆ ಹೋಯಿತು. ಚಿತ್ತಾರ ಗೋಡೆಯಿಂದಿಳಿದು ಹಲಗೆಗೂ ಕಾಗದಕ್ಕೂ ಬಟ್ಟೆಗೂ ಬಂದು, ಪೇಟೆಯ ಗೋಡೆಗಳನ್ನು ಏರಿತು. ಸಾಗರದ ಬಳಿಯ ಸಿರಿವಂತೆಯ ಚಂದ್ರಶೇಖರರಂಥವರು ಇದನ್ನು ಹೊರಗಿನವರ ಕಣ್ಣಿಗೆ ತಂದು, ಕಲಿಸಿ, ಬರೆಯುವ ಕೈಗಳಿಗೆ ನಾಲ್ಕು ಕಾಸು ದೊರೆಯುವಂತೆ ಮಾಡಿದರು. ಇದನ್ನು ಹಳಿಯುವವರ ಸಾಲಿಗೆ ನಾನು ಸೇರಿದವನಲ್ಲ. ಹೆಸರಿಲ್ಲದೆ ಬರೆದು ಹೆಸರಿಲ್ಲದೆ ಹೋದ ಹೆಂಗಸರ ಮಕ್ಕಳು ಮೊಮ್ಮಕ್ಕಳು ಇಂದು ಚಿತ್ರದ ಕೆಳಗೆ ಹೆಸರು ಹಾಕುತ್ತಿದ್ದರೆ ಅದು ನ್ಯಾಯವೇ. ಆದರೂ ಚೌಕಟ್ಟಿನೊಳಗಿನ ಚಿತ್ತಾರಕ್ಕೆ ಒಂದು ಕೊರತೆ: ಅದನ್ನು ಯಾರೂ ಉಣ್ಣುವುದಿಲ್ಲ. ಒಮ್ಮೆ ಕೊಂಡರೆ ಮುಗಿಯಿತು, ಮುಂದಿನ ವರ್ಷ ಮತ್ತೆ ಬೇಕಾಗುವುದಿಲ್ಲ. ಬುಟ್ಟಿಯಾದರೋ ಇನ್ನೂ ಉಳಿದಿದೆ, ಗೋಡೆಗೆ ಬಂದ ಗತಿ ಅದಕ್ಕೆ ಬರಲಿಲ್ಲ. ಗದ್ದೆಗಳು ಅಡಿಕೆಯ ತೋಟಗಳಾದ ಕಡೆ ಬುಟ್ಟಿ ತೋಟಕ್ಕೇ ಹೋಗುತ್ತದೆ. ಗುರುಗೆ ಕಾಯಿ ಸಿಗದವರು ಅಂಗಡಿಯ ಹಳದಿ ಬಣ್ಣ ತರುತ್ತಾರೆ. ಶುದ್ಧಿವಾದಿಗಳು ಮೂಗು ಮುರಿಯಲಿ. ಬರೆಯುವುದು ನಿಂತಿಲ್ಲವೆಂಬುದು ನನಗೆ ಸಾಕು.

ಹಳತನ್ನು ಕಾಪಾಡುವುದಕ್ಕೆ ಬೇರೊಂದು ದಾರಿಯೂ ಇದೆ. ರೈಲಿನಲ್ಲಿ ಕುಂಸಿಯಿಂದ ಸಾಗರದ ಕಡೆ ಹೊರಟರೆ ಅರಸಾಳು ಬರುತ್ತದೆ. ಶಂಕರ್‌ನಾಗ್ ಅವರು 1980ರ ದಶಕದಲ್ಲಿ ಆರ್.ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದಾಗ ಈ ಪುಟ್ಟ ನಿಲ್ದಾಣವೇ ಮಾಲ್ಗುಡಿಯಾಗಿತ್ತು. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೆ ಹಳೆಯ ಕಟ್ಟಡ ಕೆಲಸವಿಲ್ಲದೆ ನಿಂತಿತ್ತು. ಆ ಚಿತ್ರಮಾಲೆಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಲ್ಲಿ 2020ರಲ್ಲಿ ಅದು ಮಾಲ್ಗುಡಿಯ ಸಂಗ್ರಹಾಲಯವಾಯಿತು. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಿದ ಹಳೆಯ ಮನೆಗಳ ಕಂಬ ಬಾಗಿಲುಗಳನ್ನು ಗುಜರಿಯ ಪಾಲಾಗದಂತೆ ತಂದು ತಮ್ಮ ಮನೆಯನ್ನೇ ಅವುಗಳಿಂದ ಕಟ್ಟಿದ್ದು, ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದ್ದು ನಿಮಗೆ ಗೊತ್ತಿದೆ. ಇವರಿಲ್ಲದಿದ್ದರೆ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದವು. ಆದರೆ ಸಂಗ್ರಹಾಲಯದ ವಸ್ತು ಇನ್ನು ಸವೆಯಕೂಡದು. ಮುಟ್ಟಬಾರದು ಎಂಬ ಹಲಗೆ ಅದರ ಮುಂದೆ ಇರಲೇಬೇಕು. ಇಡುವುದೋ ಬಳಸುವುದೋ ಎಂಬುದು ಸರಕಾರಕ್ಕೂ ಸಂಸ್ಥೆಗಳಿಗೂ ಮಾತ್ರ ಬರುವ ಪ್ರಶ್ನೆಯೆಂದು ತಿಳಿಯಬೇಡಿ.

ನಮ್ಮ ಅಮ್ಮ ತೀರಿಕೊಂಡಾಗ ಟ್ರಂಕಿನಲ್ಲಿ ಹದಿನಾಲ್ಕು ಸೀರೆಗಳಿದ್ದವು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವುದು, ಮಡಿಚುವುದು, ನುಸಿಗುಳಿಗೆ ಇಟ್ಟು ಮುಚ್ಚುವುದು. ಹೀಗೆ ಮೂರು ವರ್ಷ ಕಳೆಯಿತು. ಕೌದಿ ಹೊಲಿಯೋಣವೇ ಎಂದು ನನ್ನ ಹೆಂಡತಿ ಕೇಳಿದಾಗ ಅಕ್ಕ ಅಳುವುದೊಂದು ಬಾಕಿ. ‘ಕತ್ತರಿ ಹಾಕಿದರೆ ಅಮ್ಮನಿಗೇ ಹಾಕಿದ ಹಾಗಾಗುತ್ತಲ್ಲೋ’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ದೊಡ್ಡಮ್ಮ, ‘ಅವಳು ತನ್ನ ಅಮ್ಮನ ಸೀರೆಗೆ ಕತ್ತರಿ ಹಾಕಿದ್ದನ್ನು ನಾನು ನೋಡಿದೀನಿ ಕಣೇ. ಅದನ್ನೇ ಹೊದ್ದುಕೊಂಡು ನೀನು ಬೆಳೆದದ್ದು’ ಎಂದರು.

ಒಂದು ಸೀರೆಯನ್ನು ಅಕ್ಕ ಹಾಗೆಯೇ ಇಟ್ಟುಕೊಂಡಳು. ಉಳಿದವುಗಳಿಂದ ಮೂರು ಕೌದಿಗಳಾದವು. ದಸರೆಯ ರಜೆಗೆ ಬಂದಿದ್ದ ಮಕ್ಕಳೆಲ್ಲ ದಾರ ಪೋಣಿಸಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಒಂದಿಡೀ ಸಾಲು ಸೊಟ್ಟಗೆ ಹೊಲಿದ, ಅದನ್ನು ಯಾರೂ ಬಿಚ್ಚಲಿಲ್ಲ. ಕೊನೆಯ ಹೊಲಿಗೆಗೆ ಮುಂಚೆ ಸಿದ್ದಿಯವರ ಪದ್ಧತಿಯನ್ನು ನಾನು ಹೇಳಿದಾಗ ಅಕ್ಕನೇ ಎದ್ದುಹೋಗಿ ನಾಲ್ಕು ಕಾಳು ಅಕ್ಕಿ ತಂದಳು. ನಮ್ಮ ಪಾಲಿಗೆ ಬಂದ ಕೌದಿಯ ಒಂದು ಮೂಲೆ ಈ ಮಳೆಗಾಲದಲ್ಲಿ ಸವೆದು ಬಾಯಿ ಬಿಟ್ಟಿದೆ. ಅಲ್ಲಿಗೆ ಯಾರ ಬಟ್ಟೆಯ ತೇಪೆ ಹಾಕಬೇಕೆಂದು ಮನೆಯಲ್ಲಿ ಚರ್ಚೆ ನಡೆದಿದೆ. ಮೊಮ್ಮಗಳು ತನ್ನ ಹಳೆಯ ಶಾಲೆಯ ಲಂಗವನ್ನು ಆಗಲೇ ತಂದು ಮುಂದಿಟ್ಟಿದ್ದಾಳೆ.