ಒಬಾಮಾಕೇರ್: ಟೀಕೆ ತಾಗಿದ್ದೆಲ್ಲಿ, ತಪ್ಪಿದ್ದೆಲ್ಲಿ

ಬರಾಕ್ ಒಬಾಮಾ 2009ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ನೂರಕ್ಕೆ 67 ಮಂದಿ. ಅದೇ ವರ್ಷದ ಕೊನೆಗೆ ಅದು 50ರ ಆಸುಪಾಸಿಗೆ ಇಳಿಯಿತು. 2013ರ ಕೊನೆಯಲ್ಲಂತೂ 40ರ ಸುತ್ತಮುತ್ತ ಹೊಯ್ದಾಡುತ್ತಿತ್ತು. ರಿಪಬ್ಲಿಕನ್ ಪಕ್ಷದವರು ಇದಕ್ಕೆ ಬೆರಳು ತೋರಿಸುತ್ತಿದ್ದುದು ಒಬಾಮಾ ತಂದ ಆರೋಗ್ಯ ವಿಮೆ ಕಾನೂನಿನತ್ತ. ಒಬಾಮಾಕೇರ್ ಎಂಬ ಹೆಸರನ್ನು ಬಳಕೆಗೆ ತಂದವರೂ ವಿರೋಧಿಗಳೇ.

ಆ ಆರೋಪವನ್ನು ತೂಗುವ ಮೊದಲು ಅಂಕಿಯನ್ನು ಸ್ವಲ್ಪ ನೋಡಬೇಕು. ಗ್ಯಾಲಪ್ ಆಗ ದಿನವೂ ಜನರಿಗೆ ಫೋನ್ ಮಾಡಿ ಮೂರು ದಿನದ ಸರಾಸರಿ ಕೊಡುತ್ತಿತ್ತು. ಕೇಳುತ್ತಿದ್ದುದು ಒಂದೇ: ಅಧ್ಯಕ್ಷರು ಕೆಲಸ ನಿಭಾಯಿಸುತ್ತಿರುವ ರೀತಿ ನಿಮಗೆ ಒಪ್ಪಿಗೆಯೋ, ಇಲ್ಲವೋ? ಏಕೆ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ. 10ಕ್ಕೆ ಮುಟ್ಟಿತ್ತು, ಅಂಥ ಹೊತ್ತಿನಲ್ಲಿ ಯಾವ ಅಧ್ಯಕ್ಷರ ಜನಪ್ರಿಯತೆಯೂ ಮೇಲೇರುವುದು ಕಷ್ಟ. ಮೇಲಾಗಿ, ಕಾನೂನು ಬೇಡ ಎಂದವರಲ್ಲೂ ಎರಡು ಬಗೆ. ಸರ್ಕಾರ ಅತಿಯಾಯಿತು ಎಂದವರು ಹೆಚ್ಚು ಮಂದಿ. ಇದು ಸಾಲದು, ಎಲ್ಲರಿಗೂ ಸರ್ಕಾರಿ ವಿಮೆಯೇ ಬೇಕಿತ್ತು ಎಂದು ಮುನಿದ ಎಡಪಂಥೀಯರೂ ಇದ್ದರು. ಟಿವಿ ಚರ್ಚೆಗಳಲ್ಲಿ ಇಬ್ಬರನ್ನೂ ಒಂದೇ ರಾಶಿಗೆ ಸುರಿಯಲಾಗುತ್ತಿತ್ತು.

ಈಗ ಕಾನೂನು. ಹಿಂದೆ ಸ್ವಂತ ದುಡ್ಡಿನಲ್ಲಿ ವಿಮೆ ಕೊಳ್ಳಲು ಹೋದ ಸಕ್ಕರೆ ಕಾಯಿಲೆಯವರಿಗೆ ಕಂಪನಿ ನೇರವಾಗಿ ಇಲ್ಲ ಎನ್ನಬಹುದಿತ್ತು. 2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಕಾನೂನು ಅದನ್ನು ನಿಲ್ಲಿಸಿತು: ಯಾರನ್ನೂ ವಾಪಸು ಕಳಿಸುವಂತಿಲ್ಲ, ಕಾಯಿಲೆ ಇದೆಯೆಂದು ಹೆಚ್ಚು ಕಂತು ಕೇಳುವಂತೆಯೂ ಇಲ್ಲ. ಹಾಗಾದರೆ ಕಾಯಿಲೆ ಬಂದ ಮೇಲೇ ವಿಮೆ ಕೊಂಡರಾಯಿತಲ್ಲ? ಈ ತಿಂಗಳು ಹಣ ತನಗೇ ಬರುತ್ತದೆಂದು ಗೊತ್ತಿರುವವರು ಮಾತ್ರ ಸೇರಿದರೆ ಚೀಟಿ ನಡೆಯುವುದುಂಟೆ? ಅದಕ್ಕೇ ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ ಎಂಬ ನಿಯಮ ಬಂತು. ಕಂತು ಕಟ್ಟಲಾಗದವರಿಗೆ ಸಬ್ಸಿಡಿ, ತೀರಾ ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಯ ವಿಸ್ತರಣೆ. ಒಂದನ್ನು ತೆಗೆದರೆ ಇನ್ನೊಂದು ಅಲುಗಾಡುವಂಥ ಕಟ್ಟಡ.

ತಮಾಷೆಯೆಂದರೆ, ಕಡ್ಡಾಯ ವಿಮೆಯ ಆಲೋಚನೆಯನ್ನು 1989ರಲ್ಲೇ ಮುಂದಿಟ್ಟದ್ದು ಬಲಪಂಥೀಯ ಚಿಂತನಾ ಸಂಸ್ಥೆಯಾದ ಹೆರಿಟೇಜ್ ಫೌಂಡೇಶನ್. 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಜಾರಿಗೆ ತಂದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಒಂದು ರಾಜ್ಯಕ್ಕೆ ಹೊಂದಿದ್ದನ್ನು ವಾಷಿಂಗ್ಟನ್ ಇಡೀ ದೇಶದ ಮೇಲೆ ಹೇರಬಾರದು ಎಂಬುದು ಮುಂದೆ ಅವರು ಕೊಟ್ಟ ಸಮಜಾಯಿಷಿ. ಆ ವಾದವನ್ನು ಬರಿಯ ನೆಪ ಎಂದು ತಳ್ಳಿಹಾಕಲಾಗದು, ಆದರೆ ಚುನಾವಣೆಯ ವೇದಿಕೆಯಲ್ಲಿ ಅದನ್ನು ವಿವರಿಸಲು ಅವರು ಪಟ್ಟ ಪಾಡು ನೋಡುವಂತಿತ್ತು.

ಟೀಕೆಗಳಲ್ಲಿ ಅತಿ ಹೆಚ್ಚು ಸದ್ದು ಮಾಡಿದ್ದು ಅತಿ ಟೊಳ್ಳಾದದ್ದು. ಯಾರು ಬದುಕಬೇಕೆಂದು ತೀರ್ಮಾನಿಸುವ 'ಸಾವಿನ ಮಂಡಳಿ'ಗಳು ಬರಲಿವೆ ಎಂದು 2009ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಬರೆದರು. ಮಸೂದೆಯಲ್ಲಿ ಇದ್ದದ್ದು ಇಷ್ಟೇ: ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ರೋಗಿ ತಾನಾಗಿಯೇ ವೈದ್ಯರ ಸಲಹೆ ಕೇಳಿದರೆ ಆ ಸಲಹೆಯ ಶುಲ್ಕವನ್ನು ಸರ್ಕಾರ ಕೊಡುತ್ತದೆ. ಗದ್ದಲಕ್ಕೆ ಹೆದರಿ ಅದನ್ನೂ ಕೈಬಿಟ್ಟರು.

ಸಂವಿಧಾನದ ವಾದ ಇದಕ್ಕಿಂತ ಗಟ್ಟಿಯಾಗಿತ್ತು. ಸರಕು ಕೊಳ್ಳಿ ಎಂದು ಪ್ರಜೆಯನ್ನು ಒತ್ತಾಯಿಸುವ ಅಧಿಕಾರ ಕೇಂದ್ರಕ್ಕೆ ಎಲ್ಲಿದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜೂನ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ವ್ಯಾಪಾರ ನಿಯಂತ್ರಣದ ಹೆಸರಿನಲ್ಲಿ ಹಾಗೆ ಒತ್ತಾಯಿಸುವಂತಿಲ್ಲ, ಆದರೆ ದಂಡವನ್ನು ತೆರಿಗೆಯೆಂದು ಎಣಿಸಿದರೆ ನಡೆಯುತ್ತದೆ ಎಂದರು. 5-4ರಲ್ಲಿ ಕಾನೂನು ಉಳಿಯಿತು. ಇದು ತೆರಿಗೆ ಅಲ್ಲವೇ ಅಲ್ಲ ಎಂದು 2009ರಲ್ಲಿ ಟಿವಿಯಲ್ಲಿ ವಾದಿಸಿದ್ದ ಒಬಾಮಾಗೆ ಇದು ಮುಜುಗರದ ಗೆಲುವು. ಮೆಡಿಕೇಡ್ ವಿಸ್ತರಿಸುವಂತೆ ರಾಜ್ಯಗಳನ್ನು ಕಟ್ಟಿಹಾಕುವಂತಿಲ್ಲ ಎಂದೂ ಕೋರ್ಟು ಹೇಳಿತು. ಟೆಕ್ಸಸ್, ಫ್ಲೋರಿಡಾ ಹೊರಗೆ ಉಳಿದವು.

ಆದರೆ ಒಬಾಮಾಗೆ ನಿಜವಾಗಿ ತಾಗಿದ್ದು ಲೆಕ್ಕದ ಟೀಕೆ. ಆರೋಗ್ಯವಂತರಿಂದ ಎತ್ತಿ ರೋಗಿಗಳಿಗೆ, ಯುವಕರಿಂದ ಎತ್ತಿ ವಯಸ್ಸಾದವರಿಗೆ ಕೊಡುತ್ತಿದ್ದೀರಿ, ಅದನ್ನು ಬಾಯಿಬಿಟ್ಟು ಹೇಳುತ್ತಿಲ್ಲ ಎಂಬುದು ಅದರ ಸಾರ. ಅದು ಸುಳ್ಳಲ್ಲ. 21ರ ಹುಡುಗನ ಕಂತು 200 ಡಾಲರ್ ಆದರೆ 64ರವರಿಂದ 600ಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬುದು ನಿಯಮ. ಹಿರಿಯರ ಚಿಕಿತ್ಸೆಯ ಖರ್ಚು ಅದಕ್ಕಿಂತ ಹೆಚ್ಚು, ಆ ಅಂತರವನ್ನು ಹುಡುಗನೇ ತುಂಬಬೇಕು. ಅವನು ಲೆಕ್ಕ ಹಾಕಿದ: ವರ್ಷಕ್ಕೆ 2,400 ಡಾಲರ್ ಕಂತು, ಕಟ್ಟದಿದ್ದರೆ 2014ರಲ್ಲಿ ದಂಡ 95 ಡಾಲರ್ ಅಥವಾ ಆದಾಯದ ಶೇ. 1, ಯಾವುದು ಹೆಚ್ಚೋ ಅದು. ಅಂಥವರಲ್ಲಿ ಅನೇಕರು ದಂಡವನ್ನೇ ಆರಿಸಿಕೊಂಡರು. ಸಬ್ಸಿಡಿಗೂ ಒಂದು ಕಡಿದಾದ ಅಂಚಿತ್ತು. ಆ ವರ್ಷ ಒಂಟಿ ವ್ಯಕ್ತಿಯ ಆದಾಯ 45,960 ಡಾಲರ್ ದಾಟಿದರೆ ಸಹಾಯ ಪೂರ್ತಿ ನಿಂತಿತು. ಸಣ್ಣ ಅಂಗಡಿ ಇಟ್ಟುಕೊಂಡವರು, ಸ್ವಂತ ಉದ್ಯೋಗದವರು ಈ ಅಂಚಿನಲ್ಲೇ ಸಿಕ್ಕಿಬಿದ್ದರು. ಕಂಪನಿಯ ವಿಮೆ ಇದ್ದವರಿಗೆ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಅಲ್ಲಿನ ಕನ್ನಡಿಗ ಸಾಫ್ಟ್‌ವೇರ್ ಕುಟುಂಬಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರಿದವು. ಮಕ್ಕಳನ್ನು 26 ವರ್ಷದವರೆಗೆ ತಂದೆತಾಯಿಯ ವಿಮೆಯಲ್ಲೇ ಉಳಿಸಿಕೊಳ್ಳುವ ಅವಕಾಶವಂತೂ ಅವರಿಗೂ ಸಿಕ್ಕಿತು.

ಇದರ ಮೇಲೆ 2013ರ ಶರತ್ಕಾಲ. ಅಕ್ಟೋಬರ್ 1ರಂದು ತೆರೆದ ಸರ್ಕಾರಿ ವಿಮಾ ಜಾಲತಾಣ ಮೊದಲ ದಿನವೇ ಕುಸಿಯಿತು. ಆ ದಿನ ನೋಂದಣಿ ಪೂರೈಸಿದವರು ಆರೇ ಮಂದಿ ಎಂದು ಆಮೇಲೆ ಬಯಲಾದ ದಾಖಲೆಗಳು ತೋರಿಸಿದವು. ಅದೇ ದಿನಗಳಲ್ಲಿ ಲಕ್ಷಾಂತರ ಮನೆಗಳಿಗೆ ವಿಮಾ ಕಂಪನಿಗಳ ಪತ್ರ ಬಂತು: ನಿಮ್ಮ ಹಳೆಯ ಪಾಲಿಸಿ ಹೊಸ ನಿಯಮಕ್ಕೆ ಹೊಂದುವುದಿಲ್ಲ, ರದ್ದಾಗುತ್ತದೆ. 'ನಿಮ್ಮ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು' ಎಂದು ಒಬಾಮಾ ಊರೂರಲ್ಲಿ ಹೇಳಿದ್ದರು. ನವೆಂಬರ್‌ನಲ್ಲಿ ಟಿವಿ ಸಂದರ್ಶನದಲ್ಲಿ ಕ್ಷಮೆ ಕೇಳಬೇಕಾಯಿತು. ವಿರೋಧ ಪಕ್ಷ ವರ್ಷಗಟ್ಟಲೆ ಭಾಷಣ ಮಾಡಿ ಸಾಧಿಸದ್ದನ್ನು ಆ ಒಂದು ಪತ್ರ ಸಾಧಿಸಿತು ಎಂಬುದು ನನ್ನ ಎಣಿಕೆ. ಲಾಭ ಪಡೆದವರು ನಿಧಾನಕ್ಕೆ, ಸದ್ದಿಲ್ಲದೆ ಪಡೆದರು. ಕಳೆದುಕೊಂಡವರ ಕೈಯಲ್ಲಿ ಕಾಗದವೇ ಇತ್ತು.

ಈ ಜಗಳದಲ್ಲಿ ಮಂಡ್ಯದ ಹೆಸರೂ ಬಂತು. ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಈ ಕಾನೂನಿನ ಪರ ವೈದ್ಯರನ್ನು ಸಂಘಟಿಸಿದ್ದವರು. 2013ರಲ್ಲಿ ಸರ್ಜನ್ ಜನರಲ್ ಹುದ್ದೆಗೆ ಮೂರ್ತಿಯವರನ್ನು ಒಬಾಮಾ ಹೆಸರಿಸಿದಾಗ ಆ ಸಂಘಟನೆಯನ್ನೂ, ಬಂದೂಕಿನ ಬಗ್ಗೆ ಅವರಾಡಿದ್ದ ಮಾತನ್ನೂ ಮುಂದಿಟ್ಟು ರಿಪಬ್ಲಿಕನ್ನರು ಅಡ್ಡ ನಿಂತರು. ಸೆನೆಟ್ ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ, 51-43ರಲ್ಲಿ.

ಒಬಾಮಾ 2017ರ ಜನವರಿಯಲ್ಲಿ ನಿರ್ಗಮಿಸಿದಾಗ ಗ್ಯಾಲಪ್ ಅಂಕಿ 59. ಕಾನೂನು ಅದೇ ಇತ್ತು, ಕಂತುಗಳು ಆ ವರ್ಷ ಇನ್ನೂ ಏರಿದ್ದವು. ಹಾಗಾಗಿ ಜನಪ್ರಿಯತೆಯ ಇಳಿತವನ್ನೆಲ್ಲ ಈ ಕಾನೂನಿನ ತಲೆಗೆ ಕಟ್ಟಲಾಗದು. ಟ್ರಂಪ್ ಬಂದು ರದ್ದು ಮಾಡಲು ಹೊರಟಾಗ ಕಾನೂನಿನ ಜನಪ್ರಿಯತೆಯೇ ಹೆಚ್ಚತೊಡಗಿತು, ಏಕೆಂದರೆ ರದ್ದತಿಯ ಪತ್ರ ಬರುವ ಭಯ ಈಗ ಇನ್ನೊಂದು ಗುಂಪಿನದು. 2017ರ ಜುಲೈ 28ರ ನಸುಕಿನಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ತಮ್ಮ ಪಕ್ಷದ ಮಸೂದೆಯನ್ನೇ ಬೀಳಿಸಿದರು. ಆ ಡಿಸೆಂಬರ್‌ನಲ್ಲಿ ತೆರಿಗೆ ಕಾನೂನಿನ ಮೂಲಕ ದಂಡವನ್ನಷ್ಟೇ ಸೊನ್ನೆಗೆ ಇಳಿಸಲಾಯಿತು, 2019ರಿಂದ ಜಾರಿ. ದಂಡವಿಲ್ಲದಿದ್ದರೆ ವಿಮಾ ಮಾರುಕಟ್ಟೆ ಕುಸಿಯುತ್ತದೆ ಎಂದು ಎರಡೂ ಕಡೆಯ ಪಂಡಿತರು ಹೇಳುತ್ತಿದ್ದರು. ಸಬ್ಸಿಡಿ ಇದ್ದುದರಿಂದ ಅದು ಕುಸಿಯಲಿಲ್ಲ.