ಮಾರಾಟದ ಇ-ಮೇಲ್‌ನಲ್ಲಿ ಸಮಯ ನಿಗದಿಯ ಲಿಂಕ್

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಚಳ್ಳಕೆರೆಯ ಶೇಂಗಾ ಎಣ್ಣೆ, ಕಂಬಳಿಗಳೂ ಹೆಸರುವಾಸಿ. ಆದರೆ ದೂರದ ಖರೀದಿದಾರರೊಡನೆ ಮಾತುಕತೆಗೆ ಸಮಯ ಗೊತ್ತುಪಡಿಸುವುದರಲ್ಲೇ ಹಲವು ಇ-ಮೇಲ್‌ಗಳು ವ್ಯಯವಾಗುತ್ತವೆ. ಕ್ಯಾಲೆಂಡ್ಲಿ, ಗೂಗಲ್ ಕ್ಯಾಲೆಂಡರ್‌ಗಳ ಲಿಂಕ್ ತೆರೆದರೆ ನಮ್ಮ ಬಿಡುವಿನ ವೇಳೆಯು ಅವರ ಸ್ಥಳೀಯ ಕಾಲಮಾನದಲ್ಲೇ ಕಾಣುತ್ತದೆ. ಲಂಡನ್ ನಮಗಿಂತ ಚಳಿಗಾಲದಲ್ಲಿ 5½, ಬೇಸಿಗೆಯಲ್ಲಿ 4½ ಗಂಟೆ ಹಿಂದಿರುತ್ತದೆ. ಈ ಲೆಕ್ಕದ ಗೊಂದಲವೂ ತಪ್ಪುತ್ತದೆ.

ಆದರೆ ಅಪರಿಚಿತರಿಗೆ ಮೊದಲ ಪತ್ರದಲ್ಲೇ ಬರಿಯ ಲಿಂಕ್ ಕಳುಹಿಸುವುದು ತರವಲ್ಲ. ಬೇಕಿದ್ದರೆ ತಾವೇ ಸಮಯ ಹುಡುಕಿಕೊಳ್ಳಿ ಎಂದಂತಾಗುತ್ತದೆ. ಮೊದಲು ಸರಕಿನ ವಿವರ ಹಾಗೂ ದರ, ನಂತರ ಎರಡು ನಿರ್ದಿಷ್ಟ ಸಮಯ, ಇವು ಅನುಕೂಲವಾಗದಿದ್ದಲ್ಲಿ ಮಾತ್ರ ಲಿಂಕ್ ಎಂಬುದು ಸೂಕ್ತ ಕ್ರಮ. ನಿಗದಿಯಾದ ವೇಳೆಗೆ ಸಿದ್ಧರಿರುವುದು ಮಾರಾಟಗಾರರ ಹೊಣೆ. ಅದು ತಪ್ಪಿದರೆ ವ್ಯಾಪಾರವೂ ಕೈತಪ್ಪೀತು.