ಯಂತ್ರಶಾಲೆಯ ಮೌಖಿಕ ಜ್ಞಾನ: ಎನ್‌ಕೋಡರ್ ಜೋಡಣೆ ಮತ್ತು ದೋಷಶೋಧನೆ

ವೃತ್ತಿ ಜಾನಪದವೆಂದೊಡನೆ ನಮ್ಮ ಸಂಶೋಧಕರ ಗಮನ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಮೇದಾರಿಕೆಗಳ ಕಡೆಗೆ ಹರಿಯುವುದು ಸಹಜ. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಎಚ್.ಎಲ್. ನಾಗೇಗೌಡರು ಕೂಡಿಹಾಕಿದ ಉಪಕರಣಗಳ ಎದುರು ನಿಂತವರಿಗೆ ಆ ಗಮನ ಎಷ್ಟು ಸಾರ್ಥಕವಾಯಿತೆಂಬುದು ತಿಳಿದೇ ಇದೆ. ಆದರೆ 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾದಂದಿನಿಂದ ಈ ನಗರದ ಮೂರು ತಲೆಮಾರುಗಳು ಯಂತ್ರೋಪಕರಣಗಳ ನಡುವೆ ದುಡಿದಿವೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂತಹ ಸಂಸ್ಥೆಗಳು ಶಾಸ್ತ್ರವನ್ನು ಕಲಿಸಿದವು. ಶಾಸ್ತ್ರ ಮುಗಿದ ಕಡೆಯಿಂದ ಮುಂದಿನದನ್ನು ಹಿರಿಯ ಕೆಲಸಗಾರನು ಕಿರಿಯನಿಗೆ ಯಂತ್ರದ ಮಗ್ಗುಲಲ್ಲೇ ನಿಂತು ಬಾಯಿಮಾತಿನಲ್ಲಿ ಕಲಿಸಿದನು. ಅಂತಹ ಜ್ಞಾನದ ಒಂದು ಸಣ್ಣ ತುಣುಕನ್ನು, ಅಂದರೆ ಗಣಕ ನಿಯಂತ್ರಿತ ಯಂತ್ರಗಳಲ್ಲಿ ಎನ್‌ಕೋಡರ್ ಎಂಬ ಸಾಧನವನ್ನು ಜೋಡಿಸುವ ಮತ್ತು ಅದರ ದೋಷ ಹುಡುಕುವ ಕ್ರಮವನ್ನು, ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕ್ಷೇತ್ರಕಾರ್ಯ ನಡೆದದ್ದು ಕನಕಪುರ ರಸ್ತೆಯ ಅಂಜನಾಪುರದಲ್ಲಿ. ಕೆರೆ, ಬಡಾವಣೆ, ಮನೆಗಳಿರುವ ಈ ಊರನ್ನು ಯಂತ್ರಗಳ ಊರೆಂದು ಯಾರೂ ಕರೆಯುವುದಿಲ್ಲ. ಆದರೆ 2021ರ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ಇಲ್ಲಿಗೆ ಸಮೀಪದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ವಿಸ್ತರಿಸಿದ ಮೇಲೆ, ಇಲ್ಲಿ ಹತ್ತಿದವರು ಅದೇ ಗಾಡಿಯಲ್ಲಿ ಪೀಣ್ಯದಲ್ಲಿ ಇಳಿಯಬಹುದು. ನನ್ನ ಮುಖ್ಯ ವಕ್ತೃ ಹಾಗೆ ಹೋಗಿಬರುವವರು. ಯಂತ್ರ ದುರಸ್ತಿಯಲ್ಲಿ ಮೂವತ್ತು ವರ್ಷಗಳ ಅನುಭವವುಳ್ಳ ಅವರು ಭಾನುವಾರಗಳಂದು ಮನೆಯ ಬಳಿಯ ಬಾಡಿಗೆ ಶೆಡ್ಡೊಂದರಲ್ಲಿ ಹಳೆಯ ಲೇತ್‌ಗಳನ್ನು ಸರಿಪಡಿಸುತ್ತಾರೆ. ಇಬ್ಬರು ಹುಡುಗರು ಅವರ ಜೊತೆಗಿದ್ದಾರೆ.

ಎನ್‌ಕೋಡರ್ ಎಂದರೇನು ಎಂಬ ನನ್ನ ಪ್ರಶ್ನೆಗೆ ಅವರು ದೇವಸ್ಥಾನದ ಪ್ರದಕ್ಷಿಣೆಯ ದೃಷ್ಟಾಂತದಿಂದ ಉತ್ತರಿಸಿದರು. ನೂರೆಂಟು ಸುತ್ತಿನ ಹರಕೆ ಹೊತ್ತವರು ಸುತ್ತಿಗೊಂದರಂತೆ ಹುಣಸೆಬೀಜ ಇಡುತ್ತಾರೆ. ಎನ್‌ಕೋಡರಿನಲ್ಲಿ ಬೀಜ ಇಡುವುದು ಬೆಳಕು. ಮೋಟಾರಿನ ಅಥವಾ ತಿರುಪಿನ ದಂಡಕ್ಕೆ ಕಟ್ಟಿದ ಬಿಲ್ಲೆಯ ಅಂಚಿನಲ್ಲಿ ಸಮಾನ ಅಂತರದ ಸೀಳುಗಳಿರುತ್ತವೆ. ಒಂದು ಕಡೆ ದೀಪ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ಬಿಲ್ಲೆ ತಿರುಗಿದಂತೆ ಕಣ್ಣು ಮಿಡಿತಗಳನ್ನು ಕಳುಹಿಸುತ್ತದೆ, ನಿಯಂತ್ರಕ ಅವನ್ನು ಎಣಿಸುತ್ತದೆ. ಆದರೆ ಎಣಿಕೆಯೊಂದರಿಂದಲೇ ತಿರುಗಿದ್ದು ಬಲಕ್ಕೋ ಎಡಕ್ಕೋ ತಿಳಿಯದು. ಅದಕ್ಕಾಗಿ ಎ, ಬಿ ಎಂಬ ಎರಡು ಕಣ್ಣುಗಳನ್ನು ಮಿಡಿತದ ಕಾಲು ಭಾಗದಷ್ಟು ಅಂತರದಲ್ಲಿ ಇಟ್ಟಿರುತ್ತಾರೆ. ‘ಪ್ರಾಕಾರದಲ್ಲಿ ಇಬ್ಬರು ಅಕ್ಕಪಕ್ಕ ನಿಂತಿದ್ದಾರೆ ಅಂದ್ಕೊಳ್ಳಿ. ಮೊದಲು ಯಾರಿಗೆ ಕಂಡಿರಿ ಅನ್ನೋದರ ಮೇಲೆ ನೀವು ಪ್ರದಕ್ಷಿಣೆ ಬಂದಿರೋ ಅಪ್ರದಕ್ಷಿಣೆ ಬಂದಿರೋ ಗೊತ್ತಾಗುತ್ತಲ್ಲ’ ಎಂದರು. ಸುತ್ತಿಗೊಮ್ಮೆ ಮಾತ್ರ ಬರುವ ಮೂರನೆಯ ಸಂಕೇತ ಝಡ್, ಅದು ಧ್ವಜಸ್ತಂಭ. ವಿದ್ಯುತ್ ಹೋದರೆ ಎಣಿಕೆ ಮರೆತುಹೋಗುತ್ತದೆ, ಆಗ ಯಂತ್ರ ಅಲ್ಲಿಗೇ ಹಿಂದಿರುಗಿ ಹೊಸದಾಗಿ ಆರಂಭಿಸಬೇಕು.

ಸುತ್ತಿಗೆ 2500 ಸೀಳುಗಳಿರುವ ಬಿಲ್ಲೆಯಲ್ಲಿ ಎ ಮತ್ತು ಬಿ ಎರಡರ ಏರಿಳಿತಗಳನ್ನೂ ಎಣಿಸಿದರೆ 10,000 ಎಣಿಕೆ ದೊರೆಯುತ್ತದೆ. ಬಿಲ್ಲೆ ನೇರವಾಗಿ ಕೂತ ತಿರುಪು ಸುತ್ತಿಗೆ 10 ಮಿಲಿಮೀಟರ್ ಸರಿಯುವುದಾದರೆ ಒಂದು ಎಣಿಕೆಯೆಂದರೆ ಒಂದು ಮೈಕ್ರಾನ್. ಹತ್ತಾರು ಎಣಿಕೆ ಕೈತಪ್ಪಿದರೆ ಸಾಕು, ಸೂಕ್ಷ್ಮ ಅಳತೆಯ ಜಾಬ್ ಗುಜರಿಗೆ ಹೋಗುತ್ತದೆ.

ಜೋಡಣೆಯ ವಿಷಯದಲ್ಲಿ ಮೌಖಿಕ ಪರಂಪರೆಯ ಬಲ ಮತ್ತು ದೌರ್ಬಲ್ಯ ಎರಡೂ ಕಾಣುತ್ತವೆ. ಎ ಸಂಕೇತಕ್ಕೆ ಅದರ ತಲೆಕೆಳಗಾದ ಜೊತೆ ಎ ಬಾರ್ ಇರುತ್ತದೆ. ಎರಡನ್ನೂ ಹೊಸೆದ ಒಂದೇ ಜೋಡಿ ತಂತಿಯಲ್ಲಿ ಒಯ್ದರೆ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ಎರಡರ ವ್ಯತ್ಯಾಸವನ್ನಷ್ಟೇ ನೋಡುವ ನಿಯಂತ್ರಕಕ್ಕೆ ಆ ಗದ್ದಲ ಲೆಕ್ಕಕ್ಕೆ ಬರುವುದಿಲ್ಲ. ಕಲಿಯುವವರು ಒಂದು ಜೋಡಿಯಿಂದ ಎ, ಇನ್ನೊಂದು ಜೋಡಿಯಿಂದ ಎ ಬಾರ್ ತೆಗೆದು ಕಟ್ಟುವುದುಂಟು. ಮಲ್ಟಿಮೀಟರಿನಲ್ಲಿ ನೋಡಿದರೆ ಎಲ್ಲ ತಂತಿಯೂ ಸರಿ. ಮೋಟಾರು ಓಡಿದಾಗ ಮಾತ್ರ ಎಣಿಕೆ ತಪ್ಪುತ್ತದೆ. ‘ಮೀಟರು ಸುಳ್ಳು ಹೇಳಲ್ಲ, ಆದ್ರೆ ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತೆ’ ಎಂಬುದು ವಕ್ತೃವಿನ ಮಾತು. ಗಾದೆಯಾಗುವ ಹಾದಿಯಲ್ಲಿರುವ ಇಂತಹ ಮಾತುಗಳನ್ನು ಯಾರೂ ಸಂಗ್ರಹಿಸಿಲ್ಲ.

‘ಕೆಂಪೆಂದರೆ ಪ್ಲಸ್’ ಎಂಬುದೂ ಪರಂಪರೆಯೇ. ಅದನ್ನು ನಂಬಿದ ಹುಡುಗನೊಬ್ಬ ನನ್ನ ಎದುರಿಗೇ ಒಂದು ಎನ್‌ಕೋಡರನ್ನು ಸುಟ್ಟನು. ಕೆಲವು ಐರೋಪ್ಯ ಕೇಬಲ್ಲುಗಳಲ್ಲಿ ಕೆಂಪು ತಂತಿ ಝಡ್ ಸಂಕೇತದ್ದು. ವಿದ್ಯುತ್ ಬರುವುದು ಕಂದು ಮತ್ತು ಹಸಿರು ಪಟ್ಟೆಯ ತಂತಿಯಲ್ಲಿ. ಬಣ್ಣಕ್ಕೆ ಜಗತ್ತಿಗೆಲ್ಲ ಒಪ್ಪಿತವಾದ ನಿಯಮವಿಲ್ಲ. ಕನೆಕ್ಟರಿನ ಪಿನ್ನುಗಳ ಚಿತ್ರವನ್ನು ಮುಂಭಾಗದಿಂದ ಬರೆದಿದ್ದಾರೋ ಬೆಸುಗೆಯ ಕಡೆಯಿಂದ ಬರೆದಿದ್ದಾರೋ ನೋಡದೆ ಹೋದರೆ ಎಡ ಬಲವಾಗುತ್ತದೆ. ಇಲ್ಲಿ ಬಾಯಿಮಾತಿಗಿಂತ ತಯಾರಕರ ಪುಸ್ತಕವೇ ಪ್ರಮಾಣ. ಜಾನಪದ ವಿದ್ವಾಂಸನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಇದಕ್ಕಿಂತ ಜಟಿಲವಾದುದು ಜಾಲರಿ ಹೊದಿಕೆಯ ಪ್ರಶ್ನೆ. ‘ಶೀಲ್ಡಿಗೆ ಒಂದೇ ಕಡೆ ಅರ್ಥಿಂಗ್’ ಎಂದು ಹಿರಿಯರೆಲ್ಲರೂ ಹೇಳುತ್ತಾರೆ. ಕಡಿಮೆ ಆವರ್ತನದ ಗದ್ದಲವೇ ಮುಖ್ಯ ಶತ್ರುವಾಗಿರುವಲ್ಲಿ ಈ ಮಾತು ಸರಿ. ಎರಡೂ ತುದಿಗಳನ್ನು ನೆಲಕ್ಕೆ ಸೇರಿಸಿದರೆ ಹೊದಿಕೆಯಲ್ಲೇ ಪ್ರವಾಹ ಸುತ್ತಬಹುದು. ಆದರೆ ಇಂದಿನ ಸರ್ವೋ ಡ್ರೈವುಗಳು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತವೆ. ಅವುಗಳ ತಯಾರಕರಲ್ಲಿ ಅನೇಕರು ಎರಡೂ ಕಡೆ, ಅದೂ ಹೊದಿಕೆಯನ್ನು ಎಳೆ ಮಾಡಿ ಹೊಸೆಯದೆ ಸುತ್ತಲೂ ಲೋಹದ ಪಟ್ಟಿಯಿಂದ ಹಿಡಿದು ಸೇರಿಸಬೇಕೆನ್ನುತ್ತಾರೆ. ಹಳೆಯ ಮಾತು ಸುಳ್ಳಲ್ಲ. ಅದು ಹುಟ್ಟಿದ ಯಂತ್ರ ಬದಲಾಗಿದೆ. ಮೋಟಾರಿನ ವಿದ್ಯುತ್ ಕೇಬಲ್ಲಿನಿಂದ ಎನ್‌ಕೋಡರ್ ಕೇಬಲ್ಲನ್ನು ದೂರವಿಡಬೇಕು, ದಾಟಲೇಬೇಕಾದರೆ ಅಡ್ಡಡ್ಡಲಾಗಿ ದಾಟಿಸಬೇಕು ಎಂಬ ಮಾತಿಗೆ ಮಾತ್ರ ಎಲ್ಲರ ಸಮ್ಮತಿಯಿದೆ.

ದೋಷಶೋಧನೆಯಲ್ಲಿಯೇ ಹಿರಿಯರ ನಿಜವಾದ ವಿದ್ಯೆ ಇರುವುದು. ಮೊದಲ ಪಾಠ, ಡ್ರೈವಿಗೆ ಬಲ ಕೊಡುವ ಮುನ್ನ ದಂಡವನ್ನು ಕೈಯಿಂದ ತಿರುಗಿಸಿ ಪರದೆಯ ಅಂಕಿ ನೋಡುವುದು. ಎ ಮತ್ತು ಬಿ ಅದಲುಬದಲಾಗಿದ್ದರೆ ಅಂಕಿ ಹಿಮ್ಮುಖವಾಗಿ ನಡೆಯುತ್ತದೆ. ಅದನ್ನು ನೋಡದೆ ಚಾಲೂ ಮಾಡಿದರೆ, ಮುಂದೆ ಹೋಗಬೇಕಾದದ್ದು ಹಿಂದೆ ಹೋಗುತ್ತಿದೆಯೆಂದು ತಿಳಿದ ನಿಯಂತ್ರಕ ಇನ್ನಷ್ಟು ಬಲ ಕೊಡುತ್ತದೆ, ಆ ತಿದ್ದುಪಡಿಯಿಂದಲೇ ತಪ್ಪು ಬೆಳೆಯುತ್ತದೆ. ಇದಕ್ಕೆ ಶೆಡ್ಡಿನ ಮಾತಿನಲ್ಲಿ ‘ಮಿಷನ್ ಓಡಿಹೋಗೋದು’ ಎಂಬ ಹೆಸರಿದೆ. ಬೆರಳು ಕಳೆದುಕೊಂಡವರ ಕಥೆಗಳು ಈ ಪಾಠದ ಜೊತೆಗೇ ಬರುತ್ತವೆ. ಎಚ್ಚರಿಕೆಯನ್ನು ಕಥೆಯಲ್ಲಿ ಕಟ್ಟಿಡುವ ಈ ಕ್ರಮ ನಮಗೆ ಅಪರಿಚಿತವಲ್ಲ.

ಅಳತೆ ತಪ್ಪುತ್ತಿದ್ದರೆ ತಪ್ಪಿನ ಸ್ವಭಾವವನ್ನು ಓದಬೇಕು. ಡಯಲ್ ಗೇಜ್ ಇಟ್ಟು ಯಂತ್ರವನ್ನು ನೂರು ಸಲ ಹಿಂದೆ ಮುಂದೆ ಆಡಿಸಿ ನೋಡುತ್ತಾರೆ. ತಪ್ಪು ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಬಿಲ್ಲೆಯ ಜೋಡುಕೊಂಡಿ ಜಾರುತ್ತಿರಬಹುದೆಂಬ ಅನುಮಾನ. ಗೊತ್ತುಗುರಿಯಿಲ್ಲದೆ ಬರುತ್ತಿದ್ದರೆ ಗದ್ದಲದ್ದು. ಯಂತ್ರ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ದೋಷ ಕಂಡರೆ ಸರಪಳಿ ತೊಟ್ಟಿಲಿನೊಳಗೆ ಮಡಚಿ ಮಡಚಿ ಮುರಿದ ತಂತಿಯನ್ನು ಹುಡುಕಬೇಕು. ನನಗೆ ಅತ್ಯಂತ ಸೊಗಸಾಗಿ ಕಂಡ ನಿದಾನ ಇನ್ನೊಂದು: ಮೂಲಸ್ಥಾನಕ್ಕೆ ಹೋದಾಗ ಯಂತ್ರ ಕೆಲವೊಮ್ಮೆ ಸರಿಯಾಗಿ ಒಂದು ಸುತ್ತಿನಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಆಚೆ ನಿಂತರೆ ಎನ್‌ಕೋಡರನ್ನು ಬೈಯಬಾರದು. ಮೂಲಸ್ಥಾನದ ಸ್ವಿಚ್ಚು ಝಡ್ ಮಿಡಿತಕ್ಕೆ ತೀರ ಹತ್ತಿರದಲ್ಲಿದೆ. ಒಮ್ಮೆ ಈ ಮಿಡಿತ, ಒಮ್ಮೆ ಮುಂದಿನ ಮಿಡಿತ ಸಿಗುತ್ತಿದೆ. ಸ್ವಿಚ್ಚನ್ನು ಒತ್ತುವ ತುಂಡನ್ನು ಅರ್ಧ ಸುತ್ತಿನಷ್ಟು ಸರಿಸಿದರೆ ಮುಗಿಯಿತು.

ಪಾಂಡಿತ್ಯ ಸೋಲುವ ಜಾಗ ಸಪ್ಲೈ. ನಿಯಂತ್ರಕದ ಬಳಿ 5 ವೋಲ್ಟ್ ಇದೆಯೆಂದು ಸಮಾಧಾನಪಡುವಂತಿಲ್ಲ. 0.14 ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ 20 ಮೀಟರ್ ದೂರ ಹೋಗಿ ಬರುವ ತಾಮ್ರಕ್ಕೆ ಸುಮಾರು 5 ಓಮ್ ತಡೆಯಿದೆ. 150 ಮಿಲಿಆಂಪಿಯರ್ ಎಳೆದರೆ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಕರಗುತ್ತದೆ. 4.75ಕ್ಕಿಂತ ಕೆಳಗಿಳಿಯಬಾರದ ಎನ್‌ಕೋಡರಿಗೆ ಸಿಗುವುದು 4.25 ಮಾತ್ರ. ಆದುದರಿಂದ ಅಳೆಯಬೇಕಾದದ್ದು ಎನ್‌ಕೋಡರಿನ ತುದಿಯಲ್ಲಿ, ಅದು ಕೆಲಸ ಮಾಡುತ್ತಿರುವಾಗ.

ಎರಡು ವಿಧಿಗಳು ಪರಸ್ಪರ ವಿರುದ್ಧವಾಗಿ ಕೇಳಿಸುವ ಸಂದರ್ಭವೂ ಇದೆ. ವಿದ್ಯುತ್ ಇದ್ದಾಗ ಎನ್‌ಕೋಡರ್ ಕನೆಕ್ಟರನ್ನು ಕೀಳಬಾರದು. ಆದರೆ ಬ್ಯಾಟರಿಯ ಆಸರೆಯಲ್ಲಿ ಸ್ಥಾನ ನೆನಪಿಡುವ ಎನ್‌ಕೋಡರಿನ ಬ್ಯಾಟರಿಯನ್ನು ಅನೇಕ ಯಂತ್ರಗಳಲ್ಲಿ ವಿದ್ಯುತ್ ಇದ್ದಾಗಲೇ ಬದಲಿಸಬೇಕು. ಇಲ್ಲವಾದರೆ ನೆನಪು ಅಳಿಸಿಹೋಗುತ್ತದೆ. ಮೊದಲ ವಿಧಿಯನ್ನಷ್ಟೇ ಕಲಿತ ಹುಡುಗನೊಬ್ಬ ‘ಅಣ್ಣಾ, ಮೇನ್ ಆಫ್ ಮಾಡ್ಲಾ?’ ಎಂದು ಕೇಳಿದಾಗ ವಕ್ತೃ ಅವನ ಕೈ ಹಿಡಿದದ್ದನ್ನು ನೋಡಿದ್ದೇನೆ.

ವಕ್ತೃವಿನ ಬಳಿ ಕೂಲೆಂಟ್ ಎಣ್ಣೆಯ ಕಲೆಗಳಿರುವ ಒಂದು ನೋಟುಪುಸ್ತಕವಿದೆ. ಯಾವ ಯಂತ್ರಕ್ಕೆ ಯಾವ ತಂತಿ ಎಂಬುದನ್ನು ಅವರ ಗುರುಗಳೂ ಅವರೂ ಅದರಲ್ಲಿ ಬರೆದಿದ್ದಾರೆ. ನಾನು ಪ್ರತಿ ಮಾಡಿಕೊಳ್ಳುವಾಗ ಹಲವು ಪುಟಗಳಲ್ಲಿ ಬಣ್ಣಗಳಷ್ಟೇ ಇದ್ದು ಯಂತ್ರದ ಹೆಸರೇ ಇರಲಿಲ್ಲ. ‘ಬರೆದೋರಿಗೆ ಗೊತ್ತಿತ್ತು’ ಎಂದರು. ಆ ಪುಟಗಳ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಶೆಡ್ಡಿನಲ್ಲಿ ಇನ್ನೂ ಉಳಿದಿರುವ ಎರಡು ಲೇತ್‌ಗಳ ತಂತಿಗಳನ್ನು ಮೀಟರಿನಿಂದ ಒಂದೊಂದಾಗಿ ಪರೀಕ್ಷಿಸಿ, ಹೊಂದುವ ಪುಟಗಳಿಗೆ ಹುಡುಗರ ಕೈಯಲ್ಲೇ ಯಂತ್ರದ ಹೆಸರು ಬರೆಸುವ ಕೆಲಸ ನಡೆದಿದೆ.